ಪುಟ ನನ್ನದು, ಪುಸ್ತಕ ನಿಮ್ಮದು

"ರೀ, ಇಲ್ಲಿ ಡ್ಯಾಶ್‌ಬೋರ್ಡ್ ಅಂತ ಬರ್ದಿದೆಯಲ್ಲ, ಅದು ಎಲ್ಲಿದೆ?"

ಪಕ್ಕದ ಕುರ್ಚಿಯಲ್ಲಿದ್ದ ಮನುಷ್ಯ ಉತ್ತರ ಕೊಡಲಿಲ್ಲ.

"ನಿಮ್ಮನ್ನೇ ಕೇಳಿದ್ದು."

ಅವನು ಚಾವಣಿ ನೋಡಿದ. ಅವಳೂ ನೋಡಿದಳು. ಅಲ್ಲಿ ಒಂದು ಫ್ಯಾನು ತಿರುಗುತ್ತಿತ್ತು, ಅಷ್ಟೆ.

ಪಾಪ, ಕಿವಿ ಕೇಳಿಸುವುದಿಲ್ಲವೇನೋ ಅಂದುಕೊಂಡು ಅವಳು ಕಂಪ್ಯೂಟರಿನ ಕಡೆ ಬೆರಳು ತೋರಿಸಿದಳು. ಅಂಗೈ ಅರಳಿಸಿ ‘ಎಲ್ಲಿ’ ಎಂದು ಸನ್ನೆ ಮಾಡಿದಳು. ಸಾಲದು ಎಂದು ಹುಬ್ಬನ್ನೂ ಹಾರಿಸಿದಳು. ಅವನ ತುಟಿಯ ಒಂದು ತುದಿ ಅದುರಿತು. ನಗು ನುಂಗುತ್ತಿದ್ದಾನೆ!

"ಓಹೋ, ಎಲ್ಲಾ ಕೇಳಿಸತ್ತೆ. ಹೇಳೋಕೆ ಮನಸ್ಸಿಲ್ಲ. ಬಾಯಿಗೇನು ಮೊಳೆ ಹೊಡ್ಕೊಂಡು ಬಂದಿದೀರಾ?"

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಪ್ರಕಾಶನದ ಮೇಡಂ ಬಂದರು. ಕಂಕುಳಲ್ಲಿ ಕಾಗದದ ಕಟ್ಟು, ಕೊರಳಲ್ಲಿ ಕನ್ನಡಕ.

"ಅಯ್ಯೋ, ಶುರು ಮಾಡೇಬಿಟ್ರಾ? ತಪ್ಪು ತಿಳ್ಕೋಬೇಡಿ. ಪುಸ್ತಕ ಬರೆದೋರು ಇವ್ರೇ. ಇವ್ರು ಮಾತಾಡೋ ಹಾಗಿಲ್ಲ. ನಾನೇ ಬಾಯಿ ಕಟ್ಟಿಹಾಕಿರೋದು."

ಅದು ಆ ಚಿಕ್ಕ ಪ್ರಕಾಶನದ ಪದ್ಧತಿ. ‘ಮೊದಲ ಸಲ’ ಎನ್ನುವ ಹೆಸರಿನಲ್ಲಿ ಅವರು ಕಲಿಯುವವರಿಗೆ ಪುಸ್ತಕ ಹೊರತರುತ್ತಿದ್ದರು. ಅಚ್ಚಿಗೆ ಹೋಗುವ ಮುಂಚೆ ಪ್ರತಿಯೊಂದು ಪುಸ್ತಕವನ್ನೂ ಏನೂ ಗೊತ್ತಿಲ್ಲದ ಒಬ್ಬರ ಮುಂದೆ ಇಡಬೇಕು. ಅವರು ಓದುತ್ತಾ ಓದುತ್ತಾ ಮಾಡಬೇಕು. ಬರೆದವನು ಪಕ್ಕದಲ್ಲಿ ತೆಪ್ಪಗೆ ಕೂತು ನೋಡಬೇಕು. ಬಾಯಿ ಬಿಡುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಓದುವವರು ಎಲ್ಲಿ ಸಿಕ್ಕಿಕೊಂಡರೋ ಅಲ್ಲಿ ಪುಸ್ತಕ ಸೋತಿತು ಎಂದು ಲೆಕ್ಕ.

ಈ ಸಲದ್ದು ವೆಬ್‌ಸೈಟ್ ಕಟ್ಟುವ ಪುಸ್ತಕ. ಕೋಡ್ ಗೀಡ್ ಏನೂ ಬರೆಯದೆ, ಮನೆಯೊಳಗೆ ಕುರ್ಚಿ ಮೇಜು ಜೋಡಿಸಿದ ಹಾಗೆ ಬರಹ, ಚಿತ್ರ ಜೋಡಿಸಿ ಸೈಟ್ ನಡೆಸುವ ಒಂದು ಸಾಫ್ಟ್‌ವೇರ್ ಇದೆಯಲ್ಲ, ಅದರ ಮೊದಲ ಪಾಠಗಳು. ಓದಿ ಕಟ್ಟಿದ ಸೈಟ್ ಓದಿದವರಿಗೇ ಸೇರಬೇಕು, ಒಂದು ವರ್ಷ ಅದರ ಖರ್ಚು ಪ್ರಕಾಶನದ್ದು. ಬಾಗಿಲ ಮೇಲೆ ಅಂಟಿಸಿದ್ದ ಆ ಚೀಟಿ ನೋಡಿಯೇ ಅವಳು ಮೆಟ್ಟಿಲು ಹತ್ತಿ ಬಂದಿದ್ದು.

"ಹಾಗಾದ್ರೆ ನಾನು ಎಷ್ಟು ಬೈದ್ರೂ ಇವ್ರು ತಿರುಗಿ ಬೈಯೋ ಹಾಗಿಲ್ಲ?" ಅವಳು ಕೇಳಿದಳು.

"ಖಂಡಿತಾ ಇಲ್ಲ," ಅಂದರು ಮೇಡಂ.

"ಇಂಥ ಗಂಡಸರು ಎಲ್ಲಿ ಸಿಗ್ತಾರೆ!" ಎಂದು ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

ಅವನ ಕಿವಿ ಕೆಂಪಾಯಿತು. ಅದನ್ನು ಅವಳು ನೋಡಿದಳು. ನೋಡಿದ್ದನ್ನು ಅವನೂ ನೋಡಿದ.

*

ಅವಳದು ಕುಶನ್ ಅಂಗಡಿ. ಹರಿದ ಸೋಫಾ, ಕುಸಿದ ಕುರ್ಚಿ, ಸ್ಪ್ರಿಂಗ್ ಹೊರಬಂದ ದಿವಾನ, ಏನೇ ತಂದುಕೊಡಿ, ಬಿಚ್ಚಿ, ಫೋಮ್ ಬದಲಿಸಿ, ಹೊಸ ಬಟ್ಟೆ ಹೊದಿಸಿ ಕೊಡುತ್ತಿದ್ದಳು. ಗಂಡ ಇದ್ದಾಗ ಇಬ್ಬರೂ ಕೂಡಿ ಕಟ್ಟಿದ ಅಂಗಡಿ. ಅವನು ತೀರಿಕೊಂಡ ಮೇಲೆ ಅವಳೂ ಮಾವನೂ ನಡೆಸುತ್ತಿದ್ದರು. ಮಾವ ಫೋಮ್ ಕತ್ತರಿಸುವುದು, ಅವಳು ಹೊಲಿಯುವುದು, ಬಿಗಿಯುವುದು.

ಅಂಗಡಿಗೆ ಒಂದು ವೆಬ್‌ಸೈಟ್ ಇರಲಿಲ್ಲ ಅಂತಲ್ಲ, ಇತ್ತು. "ಅತ್ತಿಗೆ, ನಿಮಗ್ಯಾಕೆ ಈ ತಲೆನೋವು, ನಾನಿಲ್ವಾ?" ಎಂದು ಮೈದುನ ಮಾಡಿಕೊಟ್ಟಿದ್ದ. ಎಷ್ಟು ಪ್ರೀತಿಯಿಂದ ಮಾಡಿಕೊಟ್ಟ ಅಂದರೆ, ಪಾಸ್‌ವರ್ಡ್ ಕೂಡ ಅವಳಿಗೆ ಭಾರವಾದೀತು ಎಂದು ತನ್ನ ಹತ್ತಿರವೇ ಇಟ್ಟುಕೊಂಡ. ಆಮೇಲೆ ಅವನೇ ಇನ್ನೊಂದು ಕಡೆ ಅಂಗಡಿ ತೆಗೆದ. ಒಂದು ಬೆಳಿಗ್ಗೆ ನೋಡಿದರೆ ಸೈಟಿನಲ್ಲಿ ಚಿತ್ರಗಳೆಲ್ಲ ಅವಳು ಮಾಡಿದ ಕೆಲಸದ್ದು, ಫೋನ್ ನಂಬರ್ ಮಾತ್ರ ಅವನದು. ಕೇಳಿದಾಗಲೆಲ್ಲ "ಪಾಸ್‌ವರ್ಡ್ ಹುಡುಕ್ತಾ ಇದೀನಿ ಅತ್ತಿಗೆ" ಅನ್ನುತ್ತಿದ್ದ. ಇನ್ನೂ ಹುಡುಕುತ್ತಲೇ ಇದ್ದಾನೆ.

ಅವಳು ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. "ಮಾವ, ಇನ್ಮೇಲೆ ನನ್ನ ಅಂಗಡಿ ಕೀಲಿ ಇನ್ನೊಬ್ಬರ ಜೇಬಲ್ಲಿ ಇರಬಾರ್ದು" ಅಂದಳು. ಅಷ್ಟೆ.

"ಮೆತ್ತಗಿದ್ದೋರಿಗೆ ಮತ್ತೊಂದು ಗುದ್ದು ಅಂತಾರೆ ಮಗಳೇ," ಅಂದಿದ್ದರು ಮಾವ, ಫೋಮಿನ ಮೇಲೆ ಕೈಯಿಟ್ಟು. "ಕುಶನ್ ಮಾಡೋದಷ್ಟೇ ನಮ್ಮ ಕೆಲಸ. ಕುಶನ್ ಆಗೋದಲ್ಲ."

ಅವಸರಕ್ಕೆ ಇನ್ನೊಂದು ಕಾರಣವಿತ್ತು. ಊರಿನ ಹಳೆಯ ನಾಟಕಮಂದಿರ ತನ್ನ ಅಷ್ಟೂ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಲು ಹೊರಟಿತ್ತು. ಅಲ್ಲಿನ ಮ್ಯಾನೇಜರ್ ಮೂರು ಅಂಗಡಿಗಳನ್ನು ಗುರುತು ಹಾಕಿಕೊಂಡಿದ್ದ. ಮೈದುನನದೂ ಅದರಲ್ಲೊಂದು. "ಮುಂದಿನ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಎಲ್ಲರ ವೆಬ್‌ಸೈಟ್ ನೋಡ್ತೀನಿ, ಕೆಲಸ ಕಣ್ಣಿಗೆ ಕಾಣ್ಬೇಕು" ಎಂದು ಹೇಳಿ ಫೋನ್ ಇಟ್ಟಿದ್ದ.

*

ದಿನವೂ ಮಧ್ಯಾಹ್ನ ಅಂಗಡಿಯನ್ನು ಮಾವನಿಗೆ ಒಪ್ಪಿಸಿ ಅವಳು ಪ್ರಕಾಶನದ ಆ ಚಿಕ್ಕ ಕೋಣೆಗೆ ಬರತೊಡಗಿದಳು. ಪಾಸ್‌ವರ್ಡ್ ಇಡುವ ಪಾಠ ಬಂದಾಗ ಅವನನ್ನು ಎಬ್ಬಿಸಿ ಬಾಗಿಲ ಹೊರಗೆ ನಿಲ್ಲಿಸಿದಳು. 

ಕೋಣೆಯೊಳಗೆ ಮಾತಿಲ್ಲ. ಆದರೆ ಚಹಾಕ್ಕೆ ಎದ್ದು ಮೆಟ್ಟಿಲ ಪಕ್ಕದ ಕಿಟಕಿಯ ಬಳಿ ನಿಂತಾಗ ಮಾತಾಡಬಹುದು, ಪುಸ್ತಕದ ವಿಷಯ ಒಂದು ಬಿಟ್ಟು. ಅದೂ ಮೇಡಂ ಮಾಡಿದ ಕಾನೂನೇ.

"ಮೊದಲನೇ ದಿನ ಬೈದಿದ್ದಕ್ಕೆ ಬೇಜಾರಾಯ್ತಾ ಮೇಷ್ಟ್ರೇ?"

"ಇಲ್ಲ ಓನರ್ ಮೇಡಂ. ಬಾಯಿಗೆ ಮೊಳೆ ಅಂದ್ರಲ್ಲ, ಅದೊಂದನ್ನ ಮನೆಗೆ ತಗೊಂಡು ಹೋದೆ. ಬರೆಯೋನಿಗೆ ಒಳ್ಳೆ ಮಾತು ಸಿಕ್ಕಿದ್ರೆ ಬಿಡಬಾರ್ದು."

"ಮನೇಲಿ ಯಾರಿಗೆ ಹೇಳಿದ್ರಿ?"

"ಗೋಡೆಗೆ." ಅವನು ಲೋಟದೊಳಗೆ ನೋಡುತ್ತಾ ಅಂದ. "ಒಂಟಿ ಮನುಷ್ಯ. ಗೋಡೆ ಚೆನ್ನಾಗಿ ಕೇಳಿಸ್ಕೊಳತ್ತೆ, ಮಧ್ಯೆ ಬಾಯಿ ಹಾಕಲ್ಲ."

"ಓ, ಅಲ್ಲಿಂದ ಕಲ್ತಿದ್ದಾ?"

ಅವನು ನಕ್ಕ. ಕೋಣೆಯೊಳಗೆ ತಡೆದುಕೊಂಡಿದ್ದ ನಗುವೆಲ್ಲ ಕಿಟಕಿಯ ಬಳಿ ಒಟ್ಟಿಗೆ ಬರುತ್ತಿತ್ತು. ಒಬ್ಬ ಮನುಷ್ಯನ ನಗುವನ್ನು ಹೀಗೆ ಕೂಡಿಟ್ಟು ಒಮ್ಮೆಗೇ ಪಡೆಯುವುದರಲ್ಲಿ ಒಂದು ಸುಖವಿತ್ತು. ಅವಳು ಚಹಾ ಬೇಗ ಮುಗಿಸುವುದನ್ನು ಬಿಟ್ಟಳು.

ಮೂರನೆಯ ಪಾಠದ ಹೊತ್ತಿಗೆ ಅವಳಿಗೆ ಒಂದು ಗುಟ್ಟು ತಿಳಿದುಹೋಯಿತು. ಅವಳು ಸರಿಯಾದ ಗುಂಡಿಯ ಹತ್ತಿರ ಹೋದರೆ ಅವನ ಉಸಿರು ಸಡಿಲಾಗುತ್ತಿತ್ತು. ತಪ್ಪಿನ ಕಡೆ ಹೋದರೆ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದ. ಅವಳು ಬೇಕೆಂದೇ ಮೌಸನ್ನು ಅತ್ತಿತ್ತ ಓಡಿಸಿ ನೋಡಿದಳು. ಕನ್ನಡಕ ಬಂತು, ಹೋಯಿತು, ಬಂತು. ಪಾಪ, ಗಾಜು ಸವೆದೇ ಹೋಗುತ್ತಿತ್ತೇನೋ.

ಆಮೇಲೆ ಅವಳಿಗೇ ಅನಿಸಿತು: ಇದೇನು, ನಾನು ಪುಸ್ತಕ ಓದುತ್ತಿದ್ದೇನೋ, ಇವನ ಮುಖ ಓದುತ್ತಿದ್ದೇನೋ? ನಾಳೆ ಅಂಗಡಿಯಲ್ಲಿ ಒಬ್ಬಳೇ ಕೂತಾಗ ಈ ಮುಖ ಎಲ್ಲಿಂದ ತರಲಿ?

"ಮೇಷ್ಟ್ರೇ, ತಿರುಗಿ ಕೂತ್ಕೊಳ್ಳಿ."

ಅವನು ಹುಬ್ಬೇರಿಸಿದ.

"ಆ ಕಡೆ, ಗೋಡೆ ಕಡೆ. ನಿಮ್ಮ ಮುಖ ಎಲ್ಲಾ ಹೇಳ್ಬಿಡತ್ತೆ."

ಅವನು ಕುರ್ಚಿ ತಿರುಗಿಸಿ ಗೋಡೆ ನೋಡುತ್ತಾ ಕೂತ. ಈಗ ಅವಳಿಗೆ ಕಾಣುತ್ತಿದ್ದುದು ಅವನ ಬೆನ್ನು. ಕಾಲರಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಅದನ್ನು ಯಾರೋ, ಅವನೇ ಇರಬೇಕು, ಬೇರೆ ಬಣ್ಣದ ದಾರದಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ಮುಚ್ಚಿದ್ದ. ಹೊಲಿಗೆ ಗೊತ್ತಿದ್ದ ಕೈ ಸುಮ್ಮನಿದ್ದೀತೆ? ಅದನ್ನು ಬಿಚ್ಚಿ ನೀಟಾಗಿ ಹಾಕಿಕೊಡಬೇಕು ಎಂದು ಬೆರಳು ತುರಿಸಿತು. ಅವಳು ಆ ಬೆರಳನ್ನು ಮೌಸಿನ ಮೇಲೆ ಗಟ್ಟಿಯಾಗಿ ಇಟ್ಟುಕೊಂಡಳು.

ಆ ದಿನ ಪಾಠಕ್ಕೆ ಎರಡು ಪಟ್ಟು ಹೊತ್ತು ಹಿಡಿಯಿತು. ಆದರೆ ಪುಟ ಅವಳದೇ ಆಯಿತು. ‘ಪಬ್ಲಿಷ್’ ಒತ್ತಿದಾಗ ಅಂಗಡಿಯ ಹೆಸರು ಪರದೆಯ ಮೇಲೆ ದಪ್ಪಕ್ಷರದಲ್ಲಿ ಬಂತು. ಕೆಳಗೆ ಅವಳ ಫೋನ್ ನಂಬರ್.

"ಬಂತು!" ಎಂದು ಕೂಗಿದಳು.

ಗೋಡೆಯ ಕಡೆ ತಿರುಗಿದ್ದ ಬೆನ್ನು ಒಮ್ಮೆ ನೆಟ್ಟಗಾಯಿತು. ಕಿವಿಗಳೆರಡೂ ಕೆಂಪಾದವು.

*

ಚಿತ್ರಗಳ ಪಾಠಕ್ಕೆ ಅಂಗಡಿಯ ಫೋಟೋ ಬೇಕಾಗಿತ್ತು. ಕ್ಯಾಮೆರಾ ಹಿಡಿದು ಅವನು ಬಂದಾಗ ಮಾವ ಫೋಮಿನ ರಾಶಿಯ ನಡುವೆ ನಿಂತಿದ್ದರು.

"ಇವ್ರೇನಾ ನಿನ್ನ ಮೌನಿ ಮೇಷ್ಟ್ರು? ಬನ್ನಿ ಬನ್ನಿ. ಊರಿಗೆಲ್ಲ ಕುರ್ಚಿ ಮಾಡ್ಕೊಡ್ತೀವಿ, ನಮ್ಮಲ್ಲಿ ಮಾತ್ರ ಕೂರೋಕೆ ಜಾಗ ಇಲ್ಲ. ಇಲ್ಲಿ ಮಾತಾಡ್ಬಹುದು ಸ್ವಾಮಿ, ಇಲ್ಲಿ ಯಾರೂ ಬಾಯಿ ಕಟ್ಟಿಲ್ಲ."

"ಇವತ್ತು ನಾನು ಕಟ್ಕೋತೀನಿ ಮಾವ," ಅಂದಳು ಅವಳು. ಒಂದು ಪುಟ್ಟ ಸ್ಟೂಲು ತಂದು ಅವನ ಮುಂದಿಟ್ಟಳು. ಪಟ್ಟೆ ಪಟ್ಟೆಯ ಬಟ್ಟೆ ಕೊಟ್ಟಳು, ಸುತ್ತಿಗೆ, ಮೊಳೆ ಕೊಟ್ಟಳು. ಎರಡೂ ತುಟಿ ಒತ್ತಿ ಹಿಡಿದು, ಕೈಕಟ್ಟಿ ಎದುರಿಗೆ ಕೂತಳು.

"ಓನರ್ ಮೇಡಂ, ಇದು ಸೇಡಾ?"

ಅವಳು ಚಾವಣಿ ನೋಡಿದಳು.

ಅವನು ಬಟ್ಟೆ ಹಾಸಿದ. ಒಂದು ಬದಿಗೆ ಪೂರ್ತಿ ಮೊಳೆ ಹೊಡೆದ. ಇನ್ನೊಂದು ಬದಿ ಎಳೆದಾಗ ಪಟ್ಟೆಗಳೆಲ್ಲ ಕುಡಿದವರ ಹಾಗೆ ವಾಲಿದವು. ಅವಳ ಕಡೆ ನೋಡಿದ. ಮುಖದಲ್ಲಿ ಏನೂ ಇಲ್ಲ. ಮೊಳೆ ಕಿತ್ತ, ಮತ್ತೆ ಹೊಡೆದ. ಈ ಸಲ ಹೆಬ್ಬೆರಳಿಗೂ ಒಂದು ಬಿತ್ತು. ಅವಳು ಎದ್ದುನಿಂತೇಬಿಟ್ಟಳು. ಒಂದು ಹೆಜ್ಜೆ ಮುಂದಿಟ್ಟು, ಹಾಗೇ ನಿಂತು, ಮತ್ತೆ ಕೂತಳು.

ಆಗ ಅವಳಿಗೆ ಅರ್ಥವಾಯಿತು, ಈ ಮನುಷ್ಯ ದಿನವೂ ಪಕ್ಕದಲ್ಲಿ ಕೂತು ಏನು ಅನುಭವಿಸುತ್ತಿದ್ದಾನೆ ಎಂದು. ಕಷ್ಟಪಡುವವರನ್ನು ನೋಡುವುದು ಕಷ್ಟಪಡುವುದಕ್ಕಿಂತ ಕಷ್ಟ. ಅದೂ ಕೈಗೆಟಕುವಷ್ಟು ಹತ್ತಿರ ಕೂತು.

ಕೊನೆಗೆ ಅವನೇ ಕಂಡುಕೊಂಡ. ನಾಲ್ಕು ಬದಿಗೂ ನಡುವೆ ಒಂದೊಂದು ಮೊಳೆ ಮೊದಲು, ಆಮೇಲೆ ಉಳಿದದ್ದು. ಪಟ್ಟೆಗಳು ನೆಟ್ಟಗೆ ನಿಂತವು. ಅವನು ಸ್ಟೂಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, "ನಾನೇ!" ಅಂದ. ಶಾಲೆಯಲ್ಲಿ ಬಹುಮಾನ ಬಂದವನ ಹಾಗಿತ್ತು ಆ ಮುಖ.

"ಗೊತ್ತಾಯ್ತಲ್ಲ," ಅವಳು ಮೆಲ್ಲಗೆ ಅಂದಳು, "ನನಗೆ ಆ ‘ನಾನೇ’ ಯಾಕೆ ಬೇಕು ಅಂತ."

ಅವನು ಸ್ಟೂಲು ಕೆಳಗಿಟ್ಟು ಅವಳನ್ನೇ ನೋಡಿದ. ಮಾವ ಒಮ್ಮೆ ಕೆಮ್ಮಿ, ಕತ್ತರಿಸುವುದೇನೂ ಇಲ್ಲದಿದ್ದರೂ ಕತ್ತಿ ಹುಡುಕುತ್ತಾ ಹಿಂದಿನ ಕೋಣೆಗೆ ಹೋದರು.

*

ಅಡ್ಡಿ ಬಂದದ್ದು ಆ ಸೋಮವಾರಕ್ಕೆ ಮುಂಚಿನ ಶುಕ್ರವಾರ.

‘ನಮ್ಮ ಕೆಲಸ’ ಎಂಬ ಪುಟ. ಎಡಗಡೆ ಹರಿದ ಸೋಫಾ, ಬಲಗಡೆ ಅದೇ ಸೋಫಾ ಹೊಸದಾಗಿ. ನಾಟಕಮಂದಿರದ ಮ್ಯಾನೇಜರ್ ನೋಡಬೇಕಾದದ್ದು ಇದನ್ನೇ. ‘ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇರಿಸಿ’ ಎಂದಿತ್ತು ಪುಸ್ತಕ. ಹೇಗೆ ಇರಿಸಬೇಕು ಎಂದು ಹೇಳಿರಲಿಲ್ಲ. ಅವಳು ಇರಿಸಿದಾಗಲೆಲ್ಲ ಒಂದರ ಕೆಳಗೊಂದು ಬಿತ್ತು. ಹರಿದ ಸೋಫಾ ಇಡೀ ಪರದೆ ತುಂಬಿ ಬಾಯಿ ತೆರೆದು ಮಲಗಿತ್ತು. ಹೊಸದು ಎಲ್ಲೋ ಪಾತಾಳದಲ್ಲಿ. ನೋಡಿದವರು ಇವಳ ಅಂಗಡಿಯಲ್ಲಿ ಸೋಫಾ ಹರಿದುಕೊಡುತ್ತಾರೆ ಅಂದುಕೊಳ್ಳಬೇಕು, ಹಾಗೆ.

ಸಂಜೆಯವರೆಗೆ ಗುದ್ದಾಡಿದಳು. ಗೋಡೆ ನೋಡುತ್ತಿದ್ದ ಬೆನ್ನು ಬಿಲ್ಲಿನ ಹಾಗೆ ಬಿಗಿದಿತ್ತು. ಕೊನೆಗೆ ಅಪ್‌ಡೇಟ್ ಒತ್ತಿ, ಕಂಪ್ಯೂಟರನ್ನು ಹಾಗೇ ಬಿಟ್ಟು, "ನಾಳೆ ನೋಡ್ತೀನಿ. ಇದೋ ನಾನೋ" ಎಂದು ಬಸ್ಸಿಗೆ ಓಡಿದಳು.

ಮನೆಗೆ ಬಂದು ಮಾವನ ಫೋನಿನಲ್ಲಿ ತೆರೆದರೆ ಎರಡೂ ಸೋಫಾ ಅಕ್ಕಪಕ್ಕ, ಒಂದೇ ಎತ್ತರಕ್ಕೆ, ಮದುಮಕ್ಕಳ ಹಾಗೆ ಕೂತಿದ್ದವು.

"ಸರಿಯಾಗೇ ಇದೆಯಲ್ಲೇ ಮಗಳೇ!"

ಅವಳು ಮತ್ತೆ ಮತ್ತೆ ನೋಡಿದಳು. ಆಮೇಲೆ ತಾನೇ ಒಂದು ಸಮಾಧಾನ ಹೇಳಿಕೊಂಡಳು. ಸುತ್ತಿಟ್ಟಿದ್ದ ಹೊಸ ಫೋಮ್ ಬಿಚ್ಚಿದ ಕೂಡಲೇ ಚಪ್ಪಟೆಯಾಗಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಉಬ್ಬಿ ಆಕಾರಕ್ಕೆ ಬರುತ್ತದೆ. ಇದಕ್ಕೂ ಹಾಗೇ ಹೊತ್ತು ಬೇಕೇನೋ. ಮರುದಿನ ಮೇಡಂ ಕೇಳಿದಾಗಲೂ "ಆಯ್ತು ಮೇಡಂ, ಉಬ್ಬೋಕೆ ಬಿಡ್ಬೇಕಿತ್ತು ಅಷ್ಟೆ" ಅಂದಳು. ಮೇಡಂಗೆ ಅರ್ಥವಾಗಲಿಲ್ಲ. ಆದರೂ ‘ಪಾಠ ಪಾಸು’ ಎಂದು ಗುರುತು ಹಾಕಿಕೊಂಡು ಹೋದರು. ಅವನು ಅವಳ ಕಡೆ ನೋಡದೆ ಗೋಡೆಯ ಕಡೆ ತಿರುಗಿ ಕೂತ.

ಮುಂದಿನ ಪಾಠ: ಹಳೆಯ ಪ್ರತಿಗಳು. ನೀವು ಅಪ್‌ಡೇಟ್ ಒತ್ತಿದಾಗಲೆಲ್ಲ ಸಾಫ್ಟ್‌ವೇರ್ ಹಿಂದಿನದನ್ನು ಎಸೆಯದೆ ಎತ್ತಿಟ್ಟಿರುತ್ತದೆ. ಯಾವಾಗ ಬದಲಾಯಿತು ಎಂಬುದೂ ಇರುತ್ತದೆ. ಬೇಕಾದರೆ ಹಳೆಯದಕ್ಕೆ ಹಿಂತಿರುಗಬಹುದು. ಹೆದರಬೇಡಿ, ಏನೂ ಕಳೆದುಹೋಗುವುದಿಲ್ಲ.

ಅವಳು ಪಟ್ಟಿ ತೆರೆದಳು. ಓದಿದಳು. ಮೌಸಿನ ಸದ್ದು ನಿಂತಿತು.

ಅವನ ಬೆನ್ನಿಗೆ ಅದು ಕೇಳಿಸಿತು.

"ಮೇಷ್ಟ್ರೇ."

ಅವನು ತಿರುಗಲಿಲ್ಲ.

"ನಿನ್ನೆ ಸಂಜೆ ನಾನು ಬಸ್ಸಲ್ಲಿ ನಿಂತಿದ್ದೆ. ಆ ಹೊತ್ತಲ್ಲಿ ಇಲ್ಲಿ ನನ್ನ ಪುಟ ಯಾರೋ ಬದಲಾಯ್ಸಿದಾರೆ. ಈ ಕಡೆ ತಿರುಗಿ. ಈಗ ಮಾತಾಡಿ."

ಅವನು ತಿರುಗಿದ. ಮುಖ ಸುಣ್ಣದ ಹಾಗಿತ್ತು.

"ನಾನೇ. ನೀವು ಹೋದ್ಮೇಲೆ ಪುಟ ಹಾಗೇ ತೆರೆದಿತ್ತು. ಸೋಮವಾರ ಅವ್ರು ನೋಡ್ತಾರಲ್ಲ, ಆ ಕೆಲಸ ನಿಮಗೇ ಸಿಗ್ಬೇಕು ಅಂತ... ನಿಮಗೆ ಎಷ್ಟು ಬೇಕೋ ನನಗೂ ಅಷ್ಟೇ ಬೇಕು ಅನ್ನಿಸ್ಬಿಡ್ತು. ನೋಡ್ತಾ ಕೂರೋಕೆ ಆಗ್ಲಿಲ್ಲ ನನ್ನಿಂದ."

"ಪ್ರೀತಿಯಿಂದ ಮಾಡಿದ್ರಿ."

ಅವನು ತಲೆ ತಗ್ಗಿಸಿದ. ಹೌದೆನ್ನುವುದಕ್ಕೆ ಅಷ್ಟು ಸಾಕಿತ್ತು. ಎಷ್ಟೋ ದಿನದಿಂದ ಅವಳು ಕೇಳಬೇಕು ಅಂದುಕೊಂಡಿದ್ದ ಮಾತು, ಬರಬಾರದ ಹೊತ್ತಲ್ಲಿ ಬಂದು ನಿಂತಿತ್ತು.

"ನನ್ನ ಮೈದುನನೂ ಪ್ರೀತಿಯಿಂದಾನೇ ಶುರು ಮಾಡಿದ್ದು," ಅಂದಳು. ಧ್ವನಿ ಏರಲಿಲ್ಲ. "ಅತ್ತಿಗೆಗೆ ಕಷ್ಟ ಆಗ್ಬಾರ್ದು ಅಂತ. ನೀವು ಅವನಲ್ಲ, ಗೊತ್ತು. ಆದ್ರೆ ನಿನ್ನೆ ರಾತ್ರಿ ನಾನು ಆ ಪುಟ ನೋಡಿ, ನಾನು ಮಾಡ್ದೆ ಅಂತ ಹಿಗ್ಗಿದ್ದೆ ಮೇಷ್ಟ್ರೇ. ಆ ಹಿಗ್ಗು ನಿಮ್ದೂ ಅಲ್ಲ, ನಂದೂ ಅಲ್ಲ. ಯಾರ್ದು ಅದು?"

ಅವನು ಕನ್ನಡಕ ತೆಗೆದು ಒರೆಸತೊಡಗಿದ.

ಅವಳು ಪರದೆಯ ಕಡೆ ತಿರುಗಿ, ಪುಸ್ತಕದಲ್ಲಿ ಹೇಳಿದ ಹಾಗೆಯೇ, ತಾನು ಬಿಟ್ಟುಹೋಗಿದ್ದ ಪ್ರತಿಯನ್ನು ಆರಿಸಿದಳು. ಒಂದು ಕ್ಷಣ ಬೆರಳು ನಿಂತಿತು. ಸೋಮವಾರ ಎರಡೇ ಹೆಜ್ಜೆ ದೂರದಲ್ಲಿತ್ತು. ಒತ್ತಿದಳು. ಅಕ್ಕಪಕ್ಕ ಕೂತಿದ್ದ ಸೋಫಾಗಳು ಕೆಳಗೆ ಬಿದ್ದವು. ಹರಿದ ಸೋಫಾ ಮತ್ತೆ ಬಾಯಿ ತೆರೆಯಿತು.

"ಅಯ್ಯೋ, ಬೇಡ..." ಅಂದ ಅವನು.

"ಪುಟ ನನ್ನದು, ಪುಸ್ತಕ ನಿಮ್ಮದು. ನಾನು ಸಿಕ್ಕಾಕ್ಕೊಂಡಿದ್ದು ನಿಮ್ಮ ಪುಸ್ತಕದಲ್ಲಿ. ಅದನ್ನ ತಿದ್ದಿ. ನನ್ನ ಪುಟಾನಲ್ಲ."

ಚೀಲ ಹೆಗಲಿಗೇರಿಸಿ ಹೊರಟಳು. ಮೆಟ್ಟಿಲು ಇಳಿಯುವಾಗ ಒಳಗೆ ಅವನು ಮೇಡಂಗೆ ಹೇಳುತ್ತಿದ್ದುದು ಕೇಳಿಸಿತು: "ಆ ಪಾಠ ಪಾಸಾಗಿಲ್ಲ ಮೇಡಂ. ಫೇಲಾಗಿದೆ. ನನ್ನಿಂದಲೇ." ಅವಳು ನಿಲ್ಲಲಿಲ್ಲ. ಕಾಲು ಮಾತ್ರ ಸ್ವಲ್ಪ ನಿಧಾನವಾಯಿತು.

*

ಭಾನುವಾರ ಅಂಗಡಿಗೆ ರಜೆ. ಅವಳು ಅರ್ಧ ಷಟರ್ ಎಳೆದುಕೊಂಡು, ಮಾವ ಪಂದ್ಯ ನೋಡುವ ಹಳೆಯ ಲ್ಯಾಪ್‌ಟಾಪನ್ನು ಕತ್ತರಿಸುವ ಮೇಜಿನ ಮೇಲಿಟ್ಟು ಕೂತಿದ್ದಳು. ಬೆಳಗಿನಿಂದ ಅದೇ ಕಥೆ. ಸೋಫಾ ಕೆಳಗೆ, ಸೋಫಾ ಮೇಲೆ.

ಮಾವ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದರು. ಕೈಯಲ್ಲಿ ಒಂದು ಹಾಳೆ.

"ಎದುರಿನ ಬಸ್ ಸ್ಟಾಪ್ ಬೆಂಚಲ್ಲಿ ನಿನ್ನ ಮೌನಿ ಮೇಷ್ಟ್ರು ಕೂತಿದಾರೆ. ಪಾಠ ಹೊಸದಾಗಿ ಬರೆದ್ರಂತೆ. ಒಳಗೆ ಬನ್ನಿ ಅಂದ್ರೆ, ಕರೆದಿಲ್ಲ, ಬರಲ್ಲ ಅಂತಾರೆ."

ಅವಳು ಹಾಳೆ ತೆಗೆದುಕೊಂಡಳು. ‘ಮೊದಲು ಕಾಲಮ್ ಬ್ಲಾಕ್ ಸೇರಿಸಿ’ ಎಂದಿತ್ತು. ಪೆನ್ನು ತೆಗೆದು ಪಕ್ಕದಲ್ಲಿ ಬರೆದಳು: ಕಾಲಮ್ ಅಂದರೆ ಏನು?

ಮಾವ ಹಾಳೆ ಹಿಡಿದು ರಸ್ತೆ ದಾಟಿದರು. ದಾಟಿ ಬಂದರು. ‘ಮೊದಲು ಎರಡು ಖಾನೆಗಳಿರುವ ಖಾಲಿ ಚೌಕಟ್ಟು ಇಡಬೇಕು. ಚಿತ್ರಗಳು ಆಮೇಲೆ. ಎಡಗಡೆ ಮೇಲಿನ ಪ್ಲಸ್ ಗುರುತು ಒತ್ತಿ...’

ಖಾಲಿ ಚೌಕಟ್ಟು! ಅಂದರೆ ಕುರ್ಚಿಯ ಚೌಕಟ್ಟು ಮೊದಲು, ಕುಶನ್ ಆಮೇಲೆ. ಇದನ್ನು ಇಷ್ಟು ದಿನ ಯಾರಾದರೂ ಹೇಳಬಾರದಿತ್ತೇ? ಅವಳು ಚೌಕಟ್ಟು ಇಟ್ಟಳು. ಮತ್ತೆ ಸಿಕ್ಕಿಕೊಂಡಳು. ಬರೆದಳು: ಈಗ ಪ್ಲಸ್ ಗುರುತು ಮೂರು ಕಾಣುತ್ತಿವೆ. ಯಾವುದು?

"ನಾನೇನು ಪೋಸ್ಟ್‌ಮ್ಯಾನಾ?" ಮಾವ ಮಂಡಿ ಹಿಡಿದುಕೊಂಡರು. "ಇಬ್ಬರ ಹತ್ರಾನೂ ಫೋನಿದೆ. ನನ್ನ ಮಂಡಿ ಸವೆಸ್ತಾ ಇದೀರಾ."

"ಕೊಟ್ಬಿಟ್ಟು ಬನ್ನಿ ಮಾವ."

ಈ ಸಲ ಹಾಳೆಯ ಜೊತೆ ಬಾಯಿಮಾತೂ ಬಂತು. "ಸಿಟ್ಟು ಇಳೀತಾ ಕೇಳಿ ಅಂದ್ರು. ಅದು ಪುಸ್ತಕದಲ್ಲಿ ಇಲ್ಲ ಅಂತ ಹೇಳ್ದೆ."

ಅವಳು ನಗಬಾರದು ಅಂದುಕೊಂಡಳು. ಹಾಳೆಯಲ್ಲಿ ಅವನ ಅಕ್ಷರ: ‘ಖಾನೆಯ ಒಳಗೇ ಕೂತಿರುವ ಚಿಕ್ಕ ಪ್ಲಸ್. ಉಳಿದ ಎರಡನ್ನು ಮುಟ್ಟಬೇಡಿ, ಅವು ಬೇರೆ ಕೆಲಸದವು.’ ಪಕ್ಕದಲ್ಲಿ ಒಂದು ಪುಟ್ಟ ಚೌಕ ಬರೆದು, ಒಳಗೆ ಪ್ಲಸ್ ಹಾಕಿದ್ದ. ಆ ಒಂದು ಸಾಲಿಗೆ ಎಷ್ಟು ಸಲ ಹೊಡೆದುಹಾಕಿ ಬರೆದಿದ್ದ ಎಂದರೆ ಕಾಗದ ತೆಳ್ಳಗಾಗಿತ್ತು.

ಒಳಗಿನ ಚಿಕ್ಕ ಪ್ಲಸ್ ಒತ್ತಿದಳು. ಹರಿದ ಸೋಫಾ ತನ್ನ ಖಾನೆಯೊಳಗೆ ತೆಪ್ಪಗೆ ಹೋಗಿ ಕೂತಿತು. ಪಕ್ಕದ ಖಾನೆಯಲ್ಲಿ ಹೊಸದು. ಅವಳು ಉಸಿರು ಹಿಡಿದು, ಎರಡೂ ಚಿತ್ರದ ಕೆಳಗೆ ತನ್ನದೇ ಮಾತು ಬರೆದಳು: ‘ಹೀಗಿತ್ತು.’ ‘ಹೀಗಾಯ್ತು.’ ಅಪ್‌ಡೇಟ್ ಒತ್ತಿದಳು. ಫೋನಿನಲ್ಲಿ ನೋಡಿದಳು. ಮಾವನ ಫೋನಿನಲ್ಲೂ ನೋಡಿದಳು. ಆಮೇಲೆ ಎರಡನ್ನೂ ಅಳಿಸಿ, ಹಾಳೆ ನೋಡದೆ ಇನ್ನೊಮ್ಮೆ ಮಾಡಿದಳು. ಬಂತು.

ಕಣ್ಣು ತುಂಬಿತು. ಈ ಹಿಗ್ಗು ಯಾರದೆಂದು ಕೇಳಬೇಕಾಗಿರಲಿಲ್ಲ.

ಮಾವ ಅವಳ ಎದುರಿಗೆ ಸ್ಟೂಲಿನ ಮೇಲೆ ಕೂತರು.

"ಮಗಳೇ, ನನ್ನ ದೊಡ್ಡ ಮಗ ಹೋದ. ಚಿಕ್ಕವನು ಇದ್ದೂ ಇಲ್ಲ. ನೀನು ಸೊಸೆಯಾಗಿ ಬಂದೆ, ಮಗಳಾಗಿ ಉಳಿದೆ. ಮಗಳಿಗೆ ಗಂಡು ನೋಡೋದು ಅಪ್ಪನ ಕೆಲಸ. ನೋಡಿದೀನಿ. ಬಿಸಿಲಲ್ಲಿ ಬೆಂಚಿನ ಮೇಲೆ ಒಣಗ್ತಾ ಇದೆ."

"ಮಾವ!"

"ಒತ್ತಾಯ ಇಲ್ಲಪ್ಪ. ಕೀಲಿ ನಿನ್ನ ಕೈಲಿದೆ."

ಅವಳು ಷಟರನ್ನು ಪೂರ್ತಿ ಮೇಲೆತ್ತಿದಳು. ರಸ್ತೆ ದಾಟಿದಳು. ಅವನು ಎದ್ದು ನಿಂತ. ಬೆರಳೆಲ್ಲ ಶಾಯಿ.

"ಪಾಠ ಪಾಸು," ಅಂದಳು.

ಅವನು ಮತ್ತೆ ಬೆಂಚಿನ ಮೇಲೆ ಕೂತ. ಆಮೇಲೆ ನಿಧಾನವಾಗಿ ಅಂದ: "ಹೆದರಬೇಡಿ ಅಂತ ಪುಟಕ್ಕೊಂದ್ಸಲ ಬರೀತೀನಿ ನಾನು. ಬರೆಯೋದು ಎಷ್ಟು ಸುಲಭ ಅಂತ ಈಗ ಗೊತ್ತಾಯ್ತು. ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು, ಹೆದರಿಕೆ ಆಗ್ತಾ ಇದೆ."

"ಹೇಳಿ. ಇಲ್ಲಿ ಮೇಡಂ ಇಲ್ಲ."

"ನೀವು ನನ್ನನ್ನ ಗೋಡೆ ಕಡೆ ತಿರುಗಿಸಿ ಕೂರಿಸಿದ್ರಲ್ಲ, ಆವತ್ತಿಂದ ನನಗೆ ಬೇರೆ ಎಲ್ಲೂ ಕೂರೋಕೆ ಮನಸ್ಸಿಲ್ಲ. ನಿಮಗೆ ನನ್ನ ಸಹಾಯ ಬೇಡ, ಅದು ಗೊತ್ತು. ಸಹಾಯ ಮಾಡ್ದೆ ಹತ್ರ ಇರೋಕೆ ಆಗತ್ತಾ ಅಂತ ಕೇಳೋಣ ಅಂತ ಬಂದೆ. ಮದುವೆ ಆಗಿ."

ಬಸ್ಸೊಂದು ಬಂದು ನಿಂತಿತು. ಇಬ್ಬರೂ ಹತ್ತಲಿಲ್ಲ ಎಂದು ಡ್ರೈವರ್ ಗೊಣಗಿಕೊಂಡು ಹೋದ.

"ಉತ್ತರ ನಾಳೆ ಹೇಳಿದ್ರೂ ಆಯ್ತು," ಅವನು ಅವಸರದಲ್ಲಿ ಸೇರಿಸಿದ. "ಆ ಮ್ಯಾನೇಜರ್ ನೋಡಿದ್ಮೇಲೆ."

"ಬೇಡ. ಇವತ್ತೇ ಹೇಳ್ತೀನಿ. ನಾಳೆ ಕೆಲಸ ಸಿಕ್ಕಿದ್ರೆ ಖುಷಿಗೆ ಹೂಂ ಅಂದೆ ಅನ್ನಿಸತ್ತೆ. ಸಿಗದಿದ್ರೆ ದುಃಖಕ್ಕೆ ಅಂದೆ ಅನ್ನಿಸತ್ತೆ. ಎರಡೂ ಬೇಡ." ಅವಳು ಅವನ ಪಕ್ಕದಲ್ಲಿ ಕೂತಳು. "ಕಷ್ಟ ಬಂದ್ರೆ ನಾನೇ ಕೇಳ್ತೀನಿ. ನಾನು ಕೇಳೋವರೆಗೂ ಕೈ ಕಟ್ಕೊಂಡು ಇರ್ಬೇಕು. ಒಂದು ದಿನ ಅಲ್ಲ, ಜೀವನ ಪೂರ್ತಿ. ಆಗತ್ತಾ?"

"ಕಷ್ಟ," ಅಂದ ಅವನು, ಸುಳ್ಳಾಡದೆ. "ಕಲೀತೀನಿ."

"ಹಾಗಾದ್ರೆ ಹೂಂ."

ಅವನ ಕಿವಿ ಕೆಂಪಾಗುವುದನ್ನು ಅವಳು ಈಗ ಕದ್ದು ನೋಡಬೇಕಾಗಿರಲಿಲ್ಲ. ನೇರವಾಗಿ, ಕಣ್ತುಂಬ ನೋಡಿದಳು.

*

ಸೋಮವಾರ ಮಧ್ಯಾಹ್ನ ಮ್ಯಾನೇಜರ್ ಫೋನ್ ಮಾಡಿದ. "ಹೀಗಿತ್ತು, ಹೀಗಾಯ್ತು ಅಂತ ಬರೆದಿದೀರಲ್ಲ, ಅದು ನೋಡ್ದೆ. ಪೂರ್ತಿ ಕೆಲಸ ಈಗಲೇ ಕೊಡಲ್ಲ. ಒಂದು ಸಾಲು ಕುರ್ಚಿ ಕಳಿಸ್ತೀನಿ, ಮಾಡಿ ತೋರ್ಸಿ. ಚೆನ್ನಾಗಿದ್ರೆ ಉಳಿದದ್ದೂ ನಿಮಗೇ."

"ಕಳ್ಸಿ," ಅಂದಳು ಅವಳು. ಒಂದು ಸಾಲು ಸಾಕು ಅವಳಿಗೆ.

ಮರುದಿನ ನಾಟಕಮಂದಿರದ ವ್ಯಾನಿನವರು ಒಂದಕ್ಕೊಂದು ಅಂಟಿಕೊಂಡ ನಾಲ್ಕು ಕುರ್ಚಿಗಳ ಕಬ್ಬಿಣದ ಸಾಲನ್ನು ಅಂಗಡಿಯ ಮುಂದೆ ಇಳಿಸಿ ಹೋಗಿಯೇಬಿಟ್ಟರು. ಮಾವ ಮಂಡಿ ತೋರಿಸಿ ಬಾಗಿಲಲ್ಲೇ ಕೂತರು. ಅವನು ಪಕ್ಕದಲ್ಲೇ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಅವಳು ಒಂದು ತುದಿ ಎತ್ತಿದಳು, ಇನ್ನೊಂದು ತುದಿ ನೆಲ ಕೆರೆಯಿತು. ಇತ್ತ ಬಂದು ಈ ತುದಿ ಎತ್ತಿದಳು, ಆ ತುದಿ ಮೆಟ್ಟಿಲಿಗೆ ಸಿಕ್ಕಿಕೊಂಡಿತು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ ರೇಗಿದಳು.

"ಏನ್ರೀ ಇದು! ಹೆಂಗಸು ಒದ್ದಾಡ್ತಾ ಇದಾಳೆ, ಗಂಡಸಾಗಿ ಕಂಬದ ಹಾಗೆ ನಿಂತಿದೀರಲ್ಲ, ನಾಚಿಕೆ ಆಗಲ್ವಾ?"

ಅವನು ಆಕೆಗೆ ನಮಸ್ಕಾರದ ಹಾಗೆ ತಲೆ ಬಾಗಿಸಿದ. ಕೈ ಬಿಚ್ಚಲಿಲ್ಲ. ಬೆವರು ಮಾತ್ರ ಕುರ್ಚಿ ಎತ್ತುತ್ತಿದ್ದವಳಿಗಿಂತ ಅವನಿಗೇ ಹೆಚ್ಚು ಬರುತ್ತಿತ್ತು.

"ಎಂಥ ಜನವಪ್ಪ!" ಎಂದು ಆಕೆ ಹೋದಳು.

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕೂದಲು ಹಣೆಗೆ ಅಂಟಿತ್ತು. ಕುರ್ಚಿ ಸಾಲನ್ನು ನೋಡಿದಳು, ಬಾಗಿಲನ್ನು ನೋಡಿದಳು, ಆಮೇಲೆ ಅವನನ್ನು.

"ಮೇಷ್ಟ್ರೇ."

"ಹೇಳಿ."

"ಆ ತುದಿ ಹಿಡ್ಕೊಳ್ಳಿ."

ಬೆನ್ನ ಹಿಂದಿನ ಕೈಗಳು ಎಷ್ಟು ಬೇಗ ಮುಂದೆ ಬಂದವೆಂದರೆ ಮಾವ ಜೋರಾಗಿ ನಕ್ಕುಬಿಟ್ಟರು. ನಾಲ್ಕು ಕುರ್ಚಿಗಳು ಒಟ್ಟಿಗೆ ನೆಲ ಬಿಟ್ಟು ಮೇಲೆದ್ದವು. ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು.

"ನಿಧಾನ. ನಾನು ಹೇಳಿದ ಕಡೆ," ಅಂದಳು ಅವಳು, ಹಿಮ್ಮುಖವಾಗಿ ಬಾಗಿಲೊಳಗೆ ಹೆಜ್ಜೆಯಿಡುತ್ತಾ, ಅವನ ಮುಖವನ್ನೇ ನೋಡುತ್ತಾ.